ಪ್ರೋಟೀನ್ ತಯಾರಿ ನಿಂತರೆ ಮಿದುಳಿನಲ್ಲಿ ನಿಲ್ಲುವುದು ನೆನಪೋ, ನರಜಾಲವೋ?

1963ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ಸುಂಡಿಲಿಗಳಿಗೆ ಒಂದು ಸಣ್ಣ ಪಾಠ ಕಲಿಸಿದರು. ಇಂಗ್ಲಿಷ್‌ನ ‘ವೈ’ ಅಕ್ಷರದಂತೆ ಕವಲೊಡೆದ ಓಣಿ. ಸರಿಯಾದ ಕವಲಿಗೆ ತಿರುಗಿದರೆ ಕಾಲಿಗೆ ಕರೆಂಟು ತಗಲುವುದಿಲ್ಲ. ಸುಂಡಿಲಿಗಳು ಕಲಿತವು. ಮರುದಿನ ಅವುಗಳ ಮಿದುಳಿನ ಎರಡೂ ಪಕ್ಕಕ್ಕೆ ಪ್ಯೂರೊಮೈಸಿನ್ ಎಂಬ ಔಷಧಿಯನ್ನು ಚುಚ್ಚಿದಾಗ ಕಲಿತದ್ದೆಲ್ಲ ಹೋಗಿಬಿಟ್ಟಿತು. ಪ್ಯೂರೊಮೈಸಿನ್ ಮಾಡುವ ಕೆಲಸ ಒಂದೇ. ಜೀವಕೋಶದಲ್ಲಿ ಪ್ರೋಟೀನ್ ಹೆಣೆಯುವ ರೈಬೋಸೋಮ್‌ಗೆ ತಾನೂ ಒಂದು ಅಮೈನೊ ಆಮ್ಲ ಎಂಬಂತೆ ತೋರಿಸಿಕೊಂಡು ಒಳಸೇರುತ್ತದೆ, ಹೆಣಿಗೆ ಅರ್ಧದಲ್ಲೇ ತುಂಡಾಗುತ್ತದೆ. ಪ್ರಯೋಗ ನಡೆಸಿದ ಜೋಸೆಫಾ ಫ್ಲೆಕ್ಸ್‌ನರ್, ಲೂಯಿಸ್ ಫ್ಲೆಕ್ಸ್‌ನರ್ ಮತ್ತು ಎಲಿಯಟ್ ಸ್ಟೆಲರ್ ಇದನ್ನು ಪ್ರಕಟಿಸಿದಾಗ ಓದಿದವರಿಗೆ ಅರ್ಥ ಸ್ಪಷ್ಟವಾಗಿತ್ತು: ನೆನಪು ಉಳಿಯಬೇಕಾದರೆ ಮಿದುಳು ಹೊಸ ಪ್ರೋಟೀನ್ ತಯಾರಿಸುತ್ತಿರಬೇಕು.

ಅದೇ ದಶಕದ ನಡುವೆ ಮಿಷಿಗನ್ ವಿಶ್ವವಿದ್ಯಾಲಯದ ಬರ್ನಾರ್ಡ್ ಅಗ್ರನಾಫ್ ಇದೇ ಔಷಧಿಯನ್ನು ಹೊಂಬಣ್ಣದ ಗೋಲ್ಡ್‌ಫಿಶ್‌ಗಳಿಗೆ ಕೊಟ್ಟರು. ದೀಪ ಹೊತ್ತಿದ ಕೂಡಲೇ ತೊಟ್ಟಿಯ ಇನ್ನೊಂದು ಬದಿಗೆ ಈಜಬೇಕು ಎಂಬುದು ಮೀನಿಗೆ ಕಲಿಸಿದ ಪಾಠ. ಕಲಿತ ಕೂಡಲೇ ಔಷಧಿ ಕೊಟ್ಟರೆ ಕೆಲ ದಿನಗಳ ನಂತರ ಮೀನಿಗೆ ಏನೂ ನೆನಪಿಲ್ಲ. ಒಂದು ಗಂಟೆ ಬಿಟ್ಟು ಕೊಟ್ಟರೆ ನೆನಪಿಗೆ ಧಕ್ಕೆಯಿಲ್ಲ. ಕಲಿಯುವ ಮೊದಲೇ ಕೊಟ್ಟರೂ ಮೀನು ಆ ಹೊತ್ತಿಗೆ ಚೆನ್ನಾಗಿಯೇ ಕಲಿಯುತ್ತದೆ, ಆದರೆ ಕಲಿತದ್ದು ನಿಲ್ಲುವುದಿಲ್ಲ. ಅಂದರೆ ತತ್‌ಕ್ಷಣದ ನೆನಪಿಗೆ ಹೊಸ ಪ್ರೋಟೀನ್ ಬೇಡ, ದೀರ್ಘಕಾಲದ ನೆನಪಿಗೆ ಬೇಕು, ಅದೂ ಕಲಿತ ಮೊದಲ ಗಂಟೆಯ ಆಸುಪಾಸಿನಲ್ಲೇ ಬೇಕು. ಈ ಮಾತು ಪಠ್ಯಪುಸ್ತಕ ಸೇರಿ, ಅಲ್ಲೇ ನೆಲೆಯೂರಿತು.

ತಕರಾರೂ ಆಗಲೇ ಹುಟ್ಟಿತ್ತು. ಅದಕ್ಕೆ ಪಠ್ಯಪುಸ್ತಕದಲ್ಲಿ ಅಷ್ಟು ಜಾಗ ಸಿಗಲಿಲ್ಲ. 1966ರಲ್ಲಿ ಸ್ಯಾಮ್ಯುಯೆಲ್ ಬ್ಯಾರಂಡಿಸ್ ಮತ್ತು ಸಂಗಡಿಗರು ಔಷಧಿ ಚುಚ್ಚಿದ ಸುಂಡಿಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ವಿದ್ಯುತ್ ಅಳೆದು ನೋಡಿದರು. ನೆನಪು ರೂಪುಗೊಳ್ಳುವುದರಲ್ಲಿ ಹಿಪ್ಪೊಕ್ಯಾಂಪಸ್‌ನದು ಮುಖ್ಯ ಪಾತ್ರ. ಪ್ಯೂರೊಮೈಸಿನ್ ಬಿದ್ದಲ್ಲಿ ಅದರ ವಿದ್ಯುತ್ ಚಟುವಟಿಕೆ ಅಸ್ತವ್ಯಸ್ತವಾಗಿತ್ತು. ಪ್ರೋಟೀನ್ ತಯಾರಿಯನ್ನೇ ತಡೆಯುವ ಇನ್ನೊಂದು ಔಷಧಿ ಸೈಕ್ಲೊಹೆಕ್ಸಿಮೈಡ್ ಹಾಗೆ ಮಾಡಲಿಲ್ಲ. ಹಾಗಾದರೆ ಸುಂಡಿಲಿ ಮರೆತದ್ದು ಪ್ರೋಟೀನ್ ಇಲ್ಲದ್ದಕ್ಕೋ, ನರಕೋಶಗಳ ಮಾತುಕತೆ ಕೆಟ್ಟದ್ದಕ್ಕೋ? ಮರುವರ್ಷ ಫ್ಲೆಕ್ಸ್‌ನರ್ ದಂಪತಿಯೇ ಇನ್ನೂ ವಿಚಿತ್ರವಾದದ್ದನ್ನು ವರದಿ ಮಾಡಿದರು. ಮರೆತ ಸುಂಡಿಲಿಗಳ ಮಿದುಳಿಗೆ ಬರೀ ಉಪ್ಪುನೀರು ಚುಚ್ಚಿದರೆ ನೆನಪು ವಾಪಸ್ ಬರುತ್ತಿತ್ತು! ಅಳಿಸಿಹೋದದ್ದು ಉಪ್ಪುನೀರಿಗೆ ಮರಳಿ ಬರುವುದಿಲ್ಲ. ನೆನಪು ಒಳಗೇ ಇತ್ತು, ಹೊರಬರುವ ದಾರಿ ಕಟ್ಟಿಕೊಂಡಿತ್ತು ಎಂದೇ ಇದಕ್ಕೆ ಅರ್ಥ.

ಅರವತ್ತು ವರ್ಷ ಕಳೆದರೂ ಈ ಕ್ಷೇತ್ರ ಸುತ್ತುತ್ತಿರುವುದು ಈ ಎರಡು ಎಳೆಗಳ ಸುತ್ತಲೇ. ನರಜಾಲದ ಚಟುವಟಿಕೆ ಪ್ರೋಟೀನ್ ತಯಾರಿಯನ್ನು ನಡೆಸುತ್ತದೆ ಎಂಬುದು ಒಂದು. ಪ್ರೋಟೀನ್ ತಯಾರಿಯೇ ನರಜಾಲವನ್ನು ಜೀವಂತವಾಗಿ ಇಟ್ಟಿರುತ್ತದೆ ಎಂಬುದು ಇನ್ನೊಂದು. ಎರಡೂ ನಿಜ ಎಂಬುದು ನನ್ನ ಓದಿನ ತಾತ್ಪರ್ಯ. ಪೇಚಿಗೆ ಕಾರಣವೂ ಅದೇ: ಎರಡೂ ನಿಜವಾದಾಗ ಒಂದನ್ನು ತಡೆದು ಇನ್ನೊಂದರ ಬಗ್ಗೆ ತೀರ್ಪು ಕೊಡಲು ಬರುವುದಿಲ್ಲ.

ಮುಂದೆ ಹೋಗುವ ಮೊದಲು ಒಂದು ತಪ್ಪುತಿಳಿವಳಿಕೆ ಬಗೆಹರಿಸಿಕೊಳ್ಳೋಣ. ಇಲ್ಲಿ ಪ್ರೋಟೀನ್ ಎಂದರೆ ಜಿಮ್ಮಿನವರು ಹಾಲಿಗೆ ಕಲಸುವ ಪುಡಿಯಲ್ಲ. ತಿಂದ ಬೇಳೆ, ಮೊಟ್ಟೆ, ಮೀನಿನ ಪ್ರೋಟೀನೆಲ್ಲ ಹೊಟ್ಟೆ ಕರುಳಿನಲ್ಲಿ ಅಮೈನೊ ಆಮ್ಲಗಳಾಗಿ ಒಡೆದೇ ರಕ್ತ ಸೇರುವುದು. ‘ಮಿದುಳಿಗೆ ಪ್ರೋಟೀನ್’ ಎಂಬ ಜಾಹೀರಾತು ನೋಡಿ ಜೇಬಿಗೆ ಕೈ ಹಾಕಬೇಕಿಲ್ಲ. ಪ್ರತಿಯೊಂದು ನರಕೋಶವೂ ತನಗೆ ಬೇಕಾದ ಪ್ರೋಟೀನನ್ನು ತಾನೇ ಕಟ್ಟಿಕೊಳ್ಳುತ್ತದೆ. ಡಿಎನ್‌ಎಯಲ್ಲಿರುವ ಜೀನ್‌ನಿಂದ ಎಂಆರ್‌ಎನ್‌ಎ ಎಂಬ ಪ್ರತಿ ತಯಾರಾಗುತ್ತದೆ. ರೈಬೋಸೋಮ್ ಆ ಪ್ರತಿಯನ್ನು ಓದುತ್ತ ಅಮೈನೊ ಆಮ್ಲಗಳನ್ನು ಒಂದೊಂದಾಗಿ ಪೋಣಿಸುತ್ತದೆ. ಸಸ್ತನಿಗಳ ಕೋಶದಲ್ಲಿ ಸೆಕೆಂಡಿಗೆ ಐದಾರು ಅಮೈನೊ ಆಮ್ಲಗಳ ವೇಗ. ನಾನೂರು ಅಮೈನೊ ಆಮ್ಲಗಳ ಪ್ರೋಟೀನಿಗೆ ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ.

ಕಟ್ಟಿದ್ದು ಶಾಶ್ವತವೂ ಅಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿದ ನರಕೋಶಗಳಲ್ಲಿ ಬಹಳಷ್ಟು ಪ್ರೋಟೀನ್‌ಗಳ ಅರ್ಧಾಯುಷ್ಯ ಕೆಲವೇ ದಿನ. ಕೆಲವು ಒಂದು ದಿನವೂ ಬಾಳುವುದಿಲ್ಲ, ಕೆಲವು ವಾರಗಟ್ಟಲೆ ಇರುತ್ತವೆ. ಅರವತ್ತು ವರ್ಷದ ಅಜ್ಜಿಗೆ ಬಾಲ್ಯದ ಜಾತ್ರೆ ನೆನಪಿದೆ ಎಂದರೆ, ಆ ನೆನಪನ್ನು ಮೊದಲು ಹೊತ್ತಿದ್ದ ಪ್ರೋಟೀನ್ ಅಣುಗಳಲ್ಲಿ ಹೆಚ್ಚುಕಡಿಮೆ ಯಾವುದೂ ಈಗ ಅವರ ತಲೆಯಲ್ಲಿಲ್ಲ. ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ 1984ರಲ್ಲಿ ಎತ್ತಿದ ಪ್ರಶ್ನೆ ಇದೇ: ಅಣುಗಳು ದಿನಗಳಲ್ಲಿ ಸವೆದು ಬದಲಾಗುವಾಗ ನೆನಪು ವರ್ಷಗಟ್ಟಲೆ ಉಳಿಯುವುದು ಹೇಗೆ? ಉತ್ತರ ಏನೇ ಇರಲಿ, ಅದರಲ್ಲಿ ಪ್ರೋಟೀನ್‌ನ ನಿರಂತರ ತಯಾರಿ ಇರಲೇಬೇಕು. ಹೊಸದನ್ನು ಕಲಿಯುವಾಗ ಮಾತ್ರವಲ್ಲ, ಇದ್ದದ್ದನ್ನು ಇದ್ದ ಹಾಗೆ ಇಟ್ಟುಕೊಳ್ಳಲೂ ಅದು ಬೇಕು.

ಈಗ ನರಕೋಶದ ತಾಪತ್ರಯ ನೋಡಿ. ಅದರ ಒಡಲು ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನಷ್ಟು ಅಗಲ. ಅಲ್ಲಿಂದ ಹೊರಟ ಕವಲುಗಳು, ಅಂದರೆ ಡೆಂಡ್ರೈಟ್‌ಗಳು, ಅದರ ಹತ್ತಾರು ಪಟ್ಟು ದೂರ ಹೋಗುತ್ತವೆ. ಇನ್ನು ಆಕ್ಸಾನ್ ಎಂಬ ಉದ್ದದ ಎಳೆ ಸೊಂಟದ ಹತ್ತಿರದಿಂದ ಪಾದದವರೆಗೆ ಸುಮಾರು ಒಂದು ಮೀಟರ್ ಕೂಡ ಇರಬಹುದು. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದೂ ಸಾವಿರಾರು ಕಡೆ ಬೇರೆ ನರಕೋಶಗಳನ್ನು ಸಂಧಿಸುತ್ತದೆ. ಈ ಸಂಧಿಸ್ಥಾನಕ್ಕೆ ಸಿನಾಪ್ಸ್ ಎನ್ನುತ್ತಾರೆ. ಕಲಿತಾಗ ಬಲಗೊಳ್ಳುವುದು ಅಥವಾ ಸಡಿಲವಾಗುವುದು ಈ ಸಿನಾಪ್ಸ್‌ಗಳೇ, ಅವುಗಳಲ್ಲೂ ಎಲ್ಲವೂ ಅಲ್ಲ, ಆಯ್ದ ಕೆಲವು. ಡಿಎನ್‌ಎ ಮಾತ್ರ ಒಡಲಿನ ನಡುವೆ ಒಂದೇ ಕಡೆ ಕೂತಿದೆ. ಎಲ್ಲೋ ತುದಿಯಲ್ಲಿರುವ ಒಂದು ಸಿನಾಪ್ಸ್‌ಗೆ ಹೊಸ ಪ್ರೋಟೀನ್ ಬೇಕಾದರೆ ಅದು ತಲುಪುವುದು ಹೇಗೆ?

ನಮ್ಮ ಶಾಲೆಗಳ ಬಿಸಿಯೂಟಕ್ಕೆ ಇದನ್ನು ಹೋಲಿಸಬಹುದು. ಕೆಲವು ನಗರಗಳಲ್ಲಿ ಎಲ್ಲೋ ಒಂದು ದೊಡ್ಡ ಅಡುಗೆಮನೆಯಲ್ಲಿ ಬೆಂದ ಅನ್ನ ಸಾಂಬಾರು ವ್ಯಾನು ಹತ್ತಿ ಶಾಲೆಗೆ ಬರುತ್ತದೆ. ಹಳ್ಳಿಯ ಶಾಲೆಗೆ ಬರುವುದು ಅಕ್ಕಿ ಬೇಳೆ. ಬೇಯುವುದು ಅಲ್ಲಿಯ ಒಲೆಯ ಮೇಲೇ, ಅಂದಿನ ಮಕ್ಕಳ ಹಾಜರಿ ನೋಡಿಕೊಂಡು. ನರಕೋಶ ಎರಡೂ ಪದ್ಧತಿಯನ್ನು ಇಟ್ಟುಕೊಂಡಿದೆ. ಒಡಲಿನಲ್ಲಿ ತಯಾರಾದ ಪ್ರೋಟೀನ್ ದೂರ ಸಾಗುವುದುಂಟು. ಆದರೆ ಬಹಳಷ್ಟು ಎಂಆರ್‌ಎನ್‌ಎಗಳು ತಾವೇ ಪ್ರಯಾಣ ಮಾಡಿ ಸಿನಾಪ್ಸ್‌ಗಳ ಹತ್ತಿರ ಬೀಡುಬಿಟ್ಟಿರುತ್ತವೆ, ಕರೆ ಬಂದಾಗ ಅಲ್ಲಿಯೇ ಪ್ರೋಟೀನ್ ಆಗುತ್ತವೆ.

ಇದರ ಮೊದಲ ಸುಳಿವು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಸಿಕ್ಕಿತು. 1982ರಲ್ಲಿ ಆಸ್ವಾಲ್ಡ್ ಸ್ಟೀವರ್ಡ್ ಮತ್ತು ವಿಲಿಯಂ ಲೆವಿ, ಡೆಂಡ್ರೈಟ್‌ನ ಮುಳ್ಳಿನಂಥ ಉಬ್ಬುಗಳ ಬುಡದಲ್ಲೇ ರೈಬೋಸೋಮ್‌ಗಳ ಗೊಂಚಲು ಕೂತಿರುವುದನ್ನು ತೋರಿಸಿದರು. ಕೂತಿದೆ ಎಂದಮಾತ್ರಕ್ಕೆ ಕೆಲಸ ಮಾಡುತ್ತಿದೆ ಎನ್ನಲಾಗದು. ಅದಕ್ಕೆ ಸಾಕ್ಷಿ 1996ರಲ್ಲಿ ಹೈಜಿನ್ ಕಾಂಗ್ ಮತ್ತು ಎರಿನ್ ಶೂಮನ್ ಅವರಿಂದ ಬಂತು. ಇಲಿಯ ಹಿಪ್ಪೊಕ್ಯಾಂಪಸ್‌ನ ತೆಳು ಹೋಳಿನಲ್ಲಿ ಅವರು ನರಕೋಶಗಳ ಒಡಲನ್ನೂ ಡೆಂಡ್ರೈಟನ್ನೂ ಕತ್ತರಿಸಿ ಬೇರ್ಪಡಿಸಿದರು. ಆಮೇಲೆ ಬಿಡಿಎನ್‌ಎಫ್ ಎಂಬ ಬೆಳವಣಿಗೆಯ ಅಂಶವನ್ನು ಹನಿಸಿದರೆ, ಒಡಲೇ ಇಲ್ಲದ ಕವಲಿನಲ್ಲೂ ಸಿನಾಪ್ಸ್‌ಗಳು ಬಲಗೊಂಡವು. ಪ್ರೋಟೀನ್ ತಯಾರಿ ತಡೆದರೆ ಬಲಗೊಳ್ಳಲಿಲ್ಲ. ಮರುವರ್ಷ ಕೆಲ್ಸಿ ಮಾರ್ಟಿನ್, ಎರಿಕ್ ಕ್ಯಾಂಡೆಲ್ ಮತ್ತಿತರರು ಅಪ್ಲೀಸಿಯಾ ಎಂಬ ಕಡಲಗೊಂಡೆಹುಳದ ಒಂದೇ ನರಕೋಶವನ್ನು ಎರಡು ಕವಲಾಗಿ ಬೆಳೆಸಿ, ಒಂದು ಕವಲಿಗೆ ಮಾತ್ರ ನರಕೋಶಗಳ ನಡುವೆ ಸಂಕೇತ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಊದಿದರು. ದಿನಗಟ್ಟಲೆ ಬಲಗೊಂಡದ್ದು ಆ ಕವಲಿನ ಸಿನಾಪ್ಸ್‌ಗಳಷ್ಟೇ, ಅದೂ ಅಲ್ಲಿಯೇ ಪ್ರೋಟೀನ್ ತಯಾರಾಗಲು ಬಿಟ್ಟಾಗ ಮಾತ್ರ. 2012ರಲ್ಲಿ ಶೂಮನ್ ತಂಡ ಇಲಿಯ ಹಿಪ್ಪೊಕ್ಯಾಂಪಸ್‌ನಲ್ಲಿ ನರಕೋಶಗಳ ಒಡಲಿನಿಂದಾಚೆಗೆ ಸಿಗುವ ಎಂಆರ್‌ಎನ್‌ಎಗಳನ್ನು ಎಣಿಸಿದಾಗ ಸುಮಾರು 2,550 ಬಗೆ ಸಿಕ್ಕವು. ಕ್ಷೇತ್ರಕ್ಕೆ ಇದು ಸಣ್ಣ ಸಂಗತಿಯಾಗಿರಲಿಲ್ಲ.

ಇನ್ನು ಕರೆ ಬರುವುದು ಹೇಗೆ ಎಂಬುದು. ಸಿನಾಪ್ಸ್‌ಗೆ ಗ್ಲುಟಮೇಟ್ ಎಂಬ ಸಂಕೇತವಾಹಕ ರಾಸಾಯನಿಕ ಬಂದು ತಾಗಿದಾಗ, ಸಂಕೇತ ಜೋರಾಗಿದ್ದರೆ ಒಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಕ್ಯಾಲ್ಸಿಯಂನಿಂದ ಒಂದರ ಹಿಂದೊಂದು ಕಿಣ್ವಗಳು ಎಚ್ಚರಗೊಳ್ಳುತ್ತವೆ. ಕೆಲವು ಡಿಎನ್‌ಎಯವರೆಗೂ ಸುದ್ದಿ ಮುಟ್ಟಿಸಿ, ಕ್ರೆಬ್ ಎಂಬ ಪ್ರೋಟೀನ್ ಮೂಲಕ ಹೊಸ ಎಂಆರ್‌ಎನ್‌ಎ ತಯಾರಿಸಲು ಹಚ್ಚುತ್ತವೆ. ಕೆಲವು ಸಿನಾಪ್ಸ್‌ನ ಬುಡದಲ್ಲೇ ಇರುವ ರೈಬೋಸೋಮ್‌ಗಳನ್ನು ಚುರುಕುಗೊಳಿಸುತ್ತವೆ. 1995ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಕಂಡುಕೊಂಡ ‘ಆರ್ಕ್’ ಎಂಬ ಜೀನ್ ಇದಕ್ಕೆ ಒಳ್ಳೆಯ ನಿದರ್ಶನ. ನರಕೋಶ ಜೋರಾಗಿ ಮಿಡಿದ ಕೆಲ ನಿಮಿಷಗಳಲ್ಲೇ ಇದರ ಎಂಆರ್‌ಎನ್‌ಎ ತಯಾರಾಗಿ, ಡೆಂಡ್ರೈಟ್‌ನೊಳಗೆ ಸಾಗಿ, ಚಟುವಟಿಕೆ ನಡೆದ ಸಿನಾಪ್ಸ್‌ಗಳಿರುವ ಭಾಗದಲ್ಲೇ ಹೋಗಿ ನಿಲ್ಲುತ್ತದೆ. ಮಿದುಳಿನ ಯಾವ ನರಕೋಶಗಳು ಈಗಷ್ಟೇ ಕೆಲಸ ಮಾಡಿದವು ಎಂದು ತಿಳಿಯಲು ಸಂಶೋಧಕರು ಹುಡುಕುವ ಗುರುತುಗಳಲ್ಲಿ ಆರ್ಕ್ ಕೂಡ ಒಂದು. ಇದರ ಪ್ರೋಟೀನ್ ವೈರಸ್ಸಿನ ಹೊರಕವಚದಂಥ ಗೂಡು ಕಟ್ಟಿ ತನ್ನ ಎಂಆರ್‌ಎನ್‌ಎಯನ್ನು ಬೇರೆ ಕೋಶಕ್ಕೆ ದಾಟಿಸಬಲ್ಲದು ಎಂದು 2018ರಲ್ಲಿ ಗೊತ್ತಾಯಿತು. ಅದು ಬೇರೆಯೇ ಒಂದು ಲೇಖನಕ್ಕಾಗುವ ಕಥೆ.

ಇಷ್ಟು ಓದಿದವರಿಗೆ ‘ಚಟುವಟಿಕೆ ಹೆಚ್ಚಿದರೆ ಪ್ರೋಟೀನ್ ಹೆಚ್ಚುತ್ತದೆ’ ಎಂದು ಅನಿಸಿರಬಹುದು. ಜನಪ್ರಿಯ ಬರಹಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಆದರೆ ಲೆಕ್ಕ ಇಷ್ಟು ಸರಳವಿಲ್ಲ. ಕ್ಯಾಲ್ಸಿಯಂ ಎಚ್ಚರಿಸುವ ಕಿಣ್ವಗಳಲ್ಲಿ ಒಂದು, ರೈಬೋಸೋಮ್ ಎಂಆರ್‌ಎನ್‌ಎ ಮೇಲೆ ಹೆಜ್ಜೆ ಹೆಜ್ಜೆಯಾಗಿ ಸರಿಯಲು ನೆರವಾಗುವ ಇಇಎಫ್2 ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸಿ ಅದನ್ನು ಸುಮ್ಮನಾಗಿಸುತ್ತದೆ. ಅಂದರೆ ಸಿನಾಪ್ಸ್ ಕೆಲಸ ಮಾಡಿದ ಕೂಡಲೇ ಒಟ್ಟಾರೆ ಪ್ರೋಟೀನ್ ತಯಾರಿ ನಿಧಾನವಾಗಬಹುದು! 2000ನೇ ಇಸವಿಯಲ್ಲಿ ಎಳೆಯ ಇಲಿಗಳ ಸಿನಾಪ್ಸ್ ತುಣುಕುಗಳ ಮೇಲೆ ನಡೆದ ಪ್ರಯೋಗದಲ್ಲಿ ಇದೇ ಕಂಡಿತು: ಗ್ಲುಟಮೇಟನ್ನು ಹಿಡಿಯುವ ಎನ್‌ಎಂಡಿಎ ಎಂಬ ಗ್ರಾಹಕಗಳನ್ನು ಉದ್ದೀಪಿಸಿದಾಗ ಒಟ್ಟು ತಯಾರಿ ಇಳಿಯಿತು, ಆದರೆ ಸಿನಾಪ್ಸ್ ಬಲಗೊಳ್ಳಲು ಬೇಕಾದ ಕ್ಯಾಮ್‌ಕೆ2 ಎಂಬ ಪ್ರೋಟೀನಿನ ತಯಾರಿ ಏರಿತು. ಇದಕ್ಕೆ ಕೊಡುವ ವಿವರಣೆ ಹೀಗಿದೆ. ಸಾಮಾನ್ಯ ಹೊತ್ತಿನಲ್ಲಿ ಬಲಶಾಲಿ ಎಂಆರ್‌ಎನ್‌ಎಗಳೇ ರೈಬೋಸೋಮ್‌ಗಳನ್ನು ಹಿಡಿದಿಟ್ಟುಕೊಂಡು ಉಳಿದವಕ್ಕೆ ಅವಕಾಶ ಬಿಡುವುದಿಲ್ಲ. ಎಲ್ಲರ ವೇಗವೂ ಕುಂಠಿತವಾದಾಗ, ಆರಂಭದಲ್ಲಿ ಹಿಂದೆ ಬೀಳುತ್ತಿದ್ದ ಎಂಆರ್‌ಎನ್‌ಎಗಳಿಗೂ ಸರದಿ ಸಿಗುತ್ತದೆ. ಹಾಗಾಗಿ ಎಷ್ಟು ಪ್ರೋಟೀನ್ ತಯಾರಾಯಿತು ಎನ್ನುವುದಕ್ಕಿಂತ ಯಾವುದು ತಯಾರಾಯಿತು ಎನ್ನುವುದೇ ಇಲ್ಲಿ ಮುಖ್ಯ.

ಒಂದು ಸಿನಾಪ್ಸ್‌ನಿಂದ ಇಡೀ ಜಾಲಕ್ಕೆ ಬಂದರೆ ಚಿತ್ರ ಇನ್ನಷ್ಟು ಸ್ವಾರಸ್ಯದ್ದು. ಬಲಗೊಂಡ ಸಿನಾಪ್ಸ್ ತನ್ನ ನರಕೋಶವನ್ನು ಹೆಚ್ಚು ಮಿಡಿಸುತ್ತದೆ, ಹೆಚ್ಚು ಮಿಡಿದರೆ ಸಿನಾಪ್ಸ್ ಇನ್ನಷ್ಟು ಬಲಗೊಳ್ಳುತ್ತದೆ. ಇದು ಹೀಗೇ ಸಾಗಿದರೆ ಜಾಲ ಹದ ತಪ್ಪಿ ಮೂರ್ಛೆರೋಗದ ಸೆಳವಿನಂಥ ಸ್ಥಿತಿಗೆ ಹೋಗಬೇಕು. ಸಾಮಾನ್ಯವಾಗಿ ಹೋಗುವುದಿಲ್ಲ. ಯಾಕೆ ಎಂಬುದನ್ನು 1998ರಲ್ಲಿ ಬ್ರಾಂಡೈಸ್ ವಿಶ್ವವಿದ್ಯಾಲಯದ ಜೀನಾ ಟುರಿಜಿಯಾನೊ ತಂಡ ತೋರಿಸಿತು. ಇಲಿಯ ಮಿದುಳಿನ ತೊಗಟೆಯ ನರಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಟಿಟಿಎಕ್ಸ್ ಎಂಬ ವಿಷದಿಂದ ಎರಡು ದಿನ ಅವುಗಳ ಮಿಡಿತವನ್ನು ನಿಲ್ಲಿಸಿದರು. ಎರಡು ದಿನದ ಮೌನದ ಕೊನೆಗೆ ನೋಡಿದರೆ ಸಿನಾಪ್ಸ್‌ಗಳೆಲ್ಲ ಒಂದೇ ಪ್ರಮಾಣದಲ್ಲಿ ಬಲಗೊಂಡಿದ್ದವು. ಉಲ್ಟಾ ಮಾಡಿ, ಶಾಂತಗೊಳಿಸುವ ಸಂಕೇತಗಳನ್ನು ತಡೆದು ಜಾಲವನ್ನು ಕೆರಳಿಸಿದರೆ ಮೊದಲು ಮಿಡಿತ ಏರಿತು. ಎರಡು ದಿನದಲ್ಲಿ ಸಿನಾಪ್ಸ್‌ಗಳು ತಗ್ಗಿ ಮಿಡಿತ ಮೊದಲಿನ ಮಟ್ಟಕ್ಕೆ ಹತ್ತಿರ ಬಂತು. ಜಾಲ ತನ್ನ ಹದವನ್ನು ತಾನೇ ಕಾಯ್ದುಕೊಳ್ಳುತ್ತದೆ ಎಂದಾಯಿತು.

ಈ ಹದ ಕಾಯುವ ಕೆಲಸಕ್ಕೂ ಪ್ರೋಟೀನ್ ಬೇಕು. ನರಕೋಶ ಮಿಡಿಯದೆ ಸುಮ್ಮನಿದ್ದಾಗಲೂ ಸಿನಾಪ್ಸ್‌ಗಳಲ್ಲಿ ಗ್ಲುಟಮೇಟ್‌ನ ಒಂದೊಂದು ಹನಿ ಆಗಾಗ ಸೋರುತ್ತಲೇ ಇರುತ್ತದೆ. ಬಹುಕಾಲ ಇದನ್ನು ಬರೀ ಸದ್ದು ಎಂದು ಬಿಟ್ಟಿದ್ದರು. ಈ ಸೋರಿಕೆಯೇ ಅಲ್ಲಿನ ಪ್ರೋಟೀನ್ ತಯಾರಿಯನ್ನು ಅದುಮಿ ಹಿಡಿದಿರುತ್ತದೆ ಎಂದು 2004 ಮತ್ತು 2006ರಲ್ಲಿ ಮೈಕೆಲ್ ಸಟ್ಟನ್, ಶೂಮನ್ ಮತ್ತಿತರರು ತೋರಿಸಿದರು. ಅದು ನಿಂತರೆ ‘ನನಗೆ ಸಂಕೇತ ಬರುತ್ತಿಲ್ಲ’ ಎಂದು ಅರಿತ ಆ ಭಾಗ ಕೆಲವೇ ಗಂಟೆಗಳಲ್ಲಿ ಹೊಸ ಗ್ರಾಹಕಗಳನ್ನು ತಯಾರಿಸಿ ಹೊರಮೈಗೆ ತಂದಿಟ್ಟುಕೊಳ್ಳುತ್ತದೆ.

ಹೊಸದಾಗಿ ತಯಾರಾದ ಪ್ರೋಟೀನನ್ನು ಹಳೆಯದರಿಂದ ಬೇರ್ಪಡಿಸಿ ನೋಡುವ ಉಪಾಯವನ್ನೂ ಇದೇ ಶೂಮನ್, ಡೇವಿಡ್ ಟಿರೆಲ್ ಮತ್ತು ಸಂಗಡಿಗರು 2006ರಲ್ಲಿ ಕೊಟ್ಟಿದ್ದರು. ಮೆಥಿಯೊನಿನ್ ಎಂಬ ಅಮೈನೊ ಆಮ್ಲದ ಜಾಗಕ್ಕೆ ಅದನ್ನೇ ಹೋಲುವ, ಆದರೆ ಒಂದು ರಾಸಾಯನಿಕ ಕೊಂಡಿ ಇರುವ ನಕಲಿಯನ್ನು ಉಣಿಸುತ್ತಾರೆ. ಆ ಹೊತ್ತಿನಲ್ಲಿ ತಯಾರಾಗುವ ಪ್ರೋಟೀನ್‌ಗಳಲ್ಲಿ ಮಾತ್ರ ಈ ಕೊಂಡಿ ಸೇರಿಕೊಳ್ಳುತ್ತದೆ, ಆಮೇಲೆ ಕೊಂಡಿ ಹಿಡಿದು ಅವನ್ನಷ್ಟೇ ಎಳೆದು ತೆಗೆಯಬಹುದು. ಇದಕ್ಕೆ ಬಳಸುವ ‘ಕ್ಲಿಕ್’ ರಸಾಯನಶಾಸ್ತ್ರಕ್ಕೆ 2022ರಲ್ಲಿ ನೊಬೆಲ್ ಬಂತು. ಇದೇ ತಂತ್ರದಿಂದ ಹದ ಕಾಯುವ ಹೊತ್ತಿನಲ್ಲಿ ಏನು ತಯಾರಾಗುತ್ತದೆ ಎಂದು 2016ರಲ್ಲಿ ಶೂಮನ್ ತಂಡ ನೋಡಿದಾಗ, ಹೊಸದಾಗಿ ತಯಾರಾದ ಸಾವಿರಾರು ಪ್ರೋಟೀನ್‌ಗಳಲ್ಲಿ ಏರುಪೇರಾದದ್ದು ಸುಮಾರು ಮುನ್ನೂರು ಮಾತ್ರ. ಜಾಲ ಕೆರಳಿದಾಗ ಇಳಿದವು, ಮೌನವಾದಾಗ ಏರಿದವು ಎಂಬಂಥ ಅಚ್ಚುಕಟ್ಟು ಜೋಡಿಗಳು ಅವುಗಳಲ್ಲಿ ಸಿಗುತ್ತವೆ.

ಇಲ್ಲಿಯವರೆಗಿನದು ಜಾಲ ಪ್ರೋಟೀನನ್ನು ಆಳುವ ಕಥೆ. ಇನ್ನು ಪ್ರೋಟೀನ್ ಜಾಲವನ್ನು ಆಳುವ ಕಥೆಗೆ, ಅಂದರೆ 1966ರ ಆ ತಕರಾರಿಗೆ ಮರಳಬೇಕು. ಪ್ಯೂರೊಮೈಸಿನ್ ಕೈಬಿಟ್ಟ ಮೇಲೆ ಸಂಶೋಧಕರು ಹೆಚ್ಚಾಗಿ ನೆಚ್ಚಿಕೊಂಡದ್ದು ಅನೈಸೊಮೈಸಿನ್ ಎಂಬ ಔಷಧಿಯನ್ನು. ವಿಷ ಕಡಿಮೆ, ಪರಿಣಾಮ ಕೆಲವು ಗಂಟೆಗಳದ್ದು. ನೂರಾರು ಪ್ರಯೋಗಗಳು ಇದರ ಮೇಲೆ ನಿಂತಿವೆ. ಹಳೆಯ ನೆನಪನ್ನು ಕೆದಕಿದಾಗ ಅದು ಮತ್ತೆ ಸಡಿಲಗೊಂಡು, ಉಳಿಯಬೇಕಾದರೆ ಹೊಸ ಪ್ರೋಟೀನ್ ಕೇಳುತ್ತದೆ ಎಂಬ ಕರೀಂ ನಾದರ್, ಗ್ಲೆನ್ ಶಾಫ್ ಮತ್ತು ಜೋಸೆಫ್ ಲೆಡೂ ಅವರ 2000ದ ಪ್ರಸಿದ್ಧ ಪ್ರಯೋಗವೂ ಅವುಗಳಲ್ಲೊಂದು.

2012ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಕ್ಲೇಟನ್ ಡಿಕ್ಸನ್ ತಂಡ, ಅರಿವಳಿಕೆಯಲ್ಲಿದ್ದ ಇಲಿಗಳ ಹಿಪ್ಪೊಕ್ಯಾಂಪಸ್‌ಗೆ ನೆನಪಿನ ಪ್ರಯೋಗಗಳಲ್ಲಿ ಕೊಡುವಂಥದೇ ಪ್ರಮಾಣದ ಅನೈಸೊಮೈಸಿನ್ ಬಿಟ್ಟು, ಅಲ್ಲಿಯ ವಿದ್ಯುತ್ ಅಲೆಗಳನ್ನು ದಾಖಲಿಸಿತು. ತಾನಾಗಿ ಏಳುವ ಅಲೆಗಳೂ ಕುಸಿದವು, ಪ್ರಚೋದಿಸಿದಾಗ ಏಳಬೇಕಾದವೂ ಕುಸಿದವು. ಔಷಧಿ ಬಿದ್ದ ಜಾಗ ಮೌನವಾಗಿತ್ತು. ಅದಕ್ಕೂ ಐದು ವರ್ಷ ಮೊದಲು ಪಾಲ್ ಗೋಲ್ಡ್ ಮತ್ತು ಸಂಗಡಿಗರು ಭಯದಂಥ ಭಾವನೆಗಳಲ್ಲಿ ಪಾತ್ರವಿರುವ ಮಿದುಳಿನ ಭಾಗವಾದ ಅಮಿಗ್ಡಲಾಕ್ಕೆ ಇಲಿಗಳಲ್ಲಿ ಅನೈಸೊಮೈಸಿನ್ ಹಾಕಿದಾಗ ನೋರೆಪಿನೆಫ್ರಿನ್, ಡೋಪಮೈನ್, ಸೆರೊಟೋನಿನ್ ಎಂಬ ಸಂಕೇತವಾಹಕಗಳ ಮಟ್ಟ ವಿಪರೀತ ಏರಿ ಆಮೇಲೆ ಇಳಿಯುವುದನ್ನು ಕಂಡಿದ್ದರು.

ಇದರ ತೂಕ ಎಷ್ಟು ಎಂದು ಯೋಚಿಸಿ. ‘ಪ್ರೋಟೀನ್ ತಯಾರಿ ನಿಲ್ಲಿಸಿದೆ, ನೆನಪು ಹೋಯಿತು, ಆದ್ದರಿಂದ ನೆನಪಿಗೆ ಪ್ರೋಟೀನ್ ಬೇಕು’ ಎಂಬ ತರ್ಕದ ನಡುವೆ ‘ನರಜಾಲವೇ ಸುಮ್ಮನಾಯಿತು’ ಎಂಬ ಮೆಟ್ಟಿಲು ಇದ್ದದ್ದು ಇಷ್ಟು ದಿನ ಹೆಚ್ಚಿನವರ ಕಣ್ಣಿಗೆ ಬಿದ್ದಿರಲಿಲ್ಲ. ಪಾಠ ಕಲಿತ ನಂತರವೂ ಹಿಪ್ಪೊಕ್ಯಾಂಪಸ್ ಆ ಅನುಭವವನ್ನು ಗಂಟೆಗಟ್ಟಲೆ ಒಳಗೇ ಮರುಮಿಡಿಯುತ್ತಿರುತ್ತದೆ, ನಿದ್ದೆಯಲ್ಲಂತೂ ವಿಶೇಷವಾಗಿ. ಅದನ್ನು ಸುಮ್ಮನಾಗಿಸಿದರೆ ಪ್ರೋಟೀನ್ ಮಾತೇ ಎತ್ತದೆ ನೆನಪು ಹೋದದ್ದನ್ನು ವಿವರಿಸಬಹುದು. ಹಾಗೆಂದು ಹಳೆಯ ಪ್ರಯೋಗಗಳೆಲ್ಲ ಕಸದ ಬುಟ್ಟಿಗೆ ಎನ್ನುವವರ ಜೊತೆಗೂ ನಾನಿಲ್ಲ. ಪ್ರೋಟೀನ್ ತಯಾರಿ ನಿಂತರೆ ಜಾಲ ಅಷ್ಟು ಬೇಗ ಬಾಡುವುದೇ ಸ್ವತಃ ದೊಡ್ಡ ಸಂಗತಿಯಾಗಿರಬಹುದು. ಸಿನಾಪ್ಸ್‌ನ ದಿನನಿತ್ಯದ ವ್ಯವಹಾರಕ್ಕೆ ಬೇಕಾದ ಯಾವುದೋ ಅಲ್ಪಾಯುಷಿ ಪ್ರೋಟೀನ್ ತೀರಿಹೋಗಿದ್ದರೆ, ಆಗ ನೆನಪಿನ ಮಾತು ಆಮೇಲಿನದು. ಮಿಡಿಯುವುದಕ್ಕೇ ನಿತ್ಯದ ತಯಾರಿ ಬೇಕು ಎಂದಾಗುತ್ತದೆ. ಔಷಧಿಯ ಅಡ್ಡಪರಿಣಾಮವೂ ಕಾರಣವಾಗಿರಬಹುದು. ಒತ್ತಡದ ಹೊತ್ತಿನಲ್ಲಿ ಕೆಲಸ ಮಾಡುವ ಕೆಲವು ಕಿಣ್ವಗಳನ್ನು ಅನೈಸೊಮೈಸಿನ್ ಕೆರಳಿಸುತ್ತದೆ ಎಂಬುದು ಹಳೆಯ ಸಂಗತಿ.

ಈ ಗಂಟನ್ನು ಸಡಿಲಿಸಲು ಇಡೀ ಪ್ರದೇಶಕ್ಕೆ ಔಷಧಿ ಸುರಿಯುವುದನ್ನು ಬಿಟ್ಟು, ಆಯ್ದ ನರಕೋಶಗಳಲ್ಲಿ ಮಾತ್ರ ತಯಾರಿ ನಿಲ್ಲಿಸುವ ದಾರಿ ಬೇಕಿತ್ತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಎರಿಕ್ ಕ್ಲಾನ್ ಪ್ರಯೋಗಾಲಯದಲ್ಲಿ ಪ್ರೇರಣಾ ಶ್ರೇಷ್ಠ ಮತ್ತು ಸಂಗಡಿಗರು ಅದನ್ನು 2020ರಲ್ಲಿ ಮಾಡಿ ತೋರಿಸಿದರು. ಪ್ರೋಟೀನ್ ತಯಾರಿಯ ಆರಂಭಕ್ಕೇ ತಡೆಯೊಡ್ಡುವ ಒಂದು ಕಿಣ್ವವನ್ನು, ಹೊರಗಿನಿಂದ ಔಷಧಿ ಕೊಟ್ಟಾಗ ಮಾತ್ರ ಎಚ್ಚರಗೊಳ್ಳುವಂತೆ ಮಾರ್ಪಡಿಸಿ, ಸುಂಡಿಲಿಯ ಅಮಿಗ್ಡಲಾದ ನಿರ್ದಿಷ್ಟ ಬಗೆಯ ನರಕೋಶಗಳಲ್ಲಷ್ಟೇ ಇಟ್ಟರು. ಭಯದ ಪಾಠ ಕಲಿಸಿದ ಕೂಡಲೇ ಆ ನರಕೋಶಗಳಲ್ಲಿ ತಯಾರಿ ತಡೆದಾಗ ದೀರ್ಘಕಾಲದ ನೆನಪು ಕುಂದಿತು. ಅಗ್ರನಾಫ್ ಮೀನಿನಲ್ಲಿ ಕಂಡದ್ದು ಹೆಚ್ಚು ಚೊಕ್ಕಟವಾದ ಪ್ರಯೋಗದಲ್ಲೂ ನಿಂತಿತು.

ಫ್ಲೆಕ್ಸ್‌ನರ್ ದಂಪತಿಯ ಉಪ್ಪುನೀರಿಗೂ 2015ರಲ್ಲಿ ಒಂದು ಬಗೆಯ ಉತ್ತರ ಸಿಕ್ಕಿತು. ಎಂಐಟಿಯಲ್ಲಿ ಸುಸುಮು ಟೊನೆಗಾವಾ ಪ್ರಯೋಗಾಲಯದ ತೋಮಸ್ ರಯಾನ್ ಮತ್ತಿತರರು, ಸುಂಡಿಲಿ ಭಯದ ಪಾಠ ಕಲಿಯುವಾಗ ಮಿಡಿದ ನರಕೋಶಗಳಿಗೆ ಬೆಳಕಿನಿಂದ ಎಚ್ಚರಿಸಬಹುದಾದ ಗುರುತು ಹಾಕಿದರು. ಪಾಠ ಮುಗಿದ ಕೂಡಲೇ ಅನೈಸೊಮೈಸಿನ್ ಕೊಟ್ಟರು. ಮರುದಿನ ಅದೇ ಗೂಡಿಗೆ ಬಿಟ್ಟರೆ ಸುಂಡಿಲಿಗೆ ಭಯದ ನೆನಪಿಲ್ಲ. ಗುರುತು ಹಾಕಿದ ನರಕೋಶಗಳ ಮೇಲೆ ನೀಲಿ ಬೆಳಕು ಹರಿಸಿದಾಗ ಸುಂಡಿಲಿ ಹೆದರಿ ಸ್ತಬ್ಧವಾಗಿ ನಿಂತಿತು. ಆ ನರಕೋಶಗಳ ಸಿನಾಪ್ಸ್‌ಗಳು ಬಲಗೊಂಡಿರಲಿಲ್ಲ ನಿಜ, ಆದರೆ ಯಾವ ನರಕೋಶ ಯಾವುದಕ್ಕೆ ಜೋಡಿಕೊಂಡಿದೆ ಎಂಬ ಸಂಪರ್ಕದ ವಿನ್ಯಾಸ ಉಳಿದಿತ್ತು. ನೆನಪಿನ ಸಾರ ಆ ವಿನ್ಯಾಸದಲ್ಲಿದೆ, ಹೊಸ ಪ್ರೋಟೀನ್ ಬೇಕಿರುವುದು ಸಹಜವಾಗಿ ಅದನ್ನು ಹೊರತರುವ ಬಲಕ್ಕೆ ಎಂಬುದು ಅವರ ವಾದ. ಎಲ್ಲರೂ ಇದನ್ನು ಒಪ್ಪಿಲ್ಲ. ನನಗೆ ಮಾತ್ರ ಇದುವರೆಗಿನ ವಿವರಣೆಗಳಲ್ಲಿ ಇದು ಹೆಚ್ಚು ಸಮಾಧಾನ ಕೊಡುತ್ತದೆ, 1967ರ ಉಪ್ಪುನೀರೂ ಇದರೊಳಗೆ ತಕ್ಕಮಟ್ಟಿಗೆ ಕೂರುತ್ತದೆ.

ಇಷ್ಟೆಲ್ಲ ಇಲಿ, ಸುಂಡಿಲಿಗಳ ವಿಚಾರವಾಯಿತು, ಮನುಷ್ಯರಿಗೇನು ಎಂದು ಕೇಳುವವರಿಗೆ ಫ್ರಜೈಲ್ ಎಕ್ಸ್ ಕಾಯಿಲೆಯನ್ನು ತೋರಿಸಬೇಕು. ವಂಶವಾಹಿಯಾಗಿ ಬರುವ ಬೌದ್ಧಿಕ ನ್ಯೂನತೆಯ ಅತಿ ಸಾಮಾನ್ಯ ಕಾರಣಗಳಲ್ಲಿ ಇದು ಮೊದಲ ಸಾಲಿನದು. ಆಟಿಸಂನ ಲಕ್ಷಣಗಳೂ ಹಲವರಲ್ಲಿ ಕಾಣುತ್ತವೆ. ಎಕ್ಸ್ ವರ್ಣತಂತುವಿನ ಎಫ್‌ಎಂಆರ್1 ಎಂಬ ಜೀನ್‌ನಲ್ಲಿ ‘ಸಿಜಿಜಿ’ ಎಂಬ ಮೂರಕ್ಷರದ ತುಣುಕು ಇನ್ನೂರಕ್ಕೂ ಹೆಚ್ಚು ಸಲ ಪುನರಾವರ್ತನೆಯಾದರೆ ಜೀನ್ ಮುಚ್ಚಿಹೋಗುತ್ತದೆ. ಈ ಜೀನ್ ಪತ್ತೆಯಾದದ್ದು 1991ರಲ್ಲಿ. ಅದರಿಂದ ತಯಾರಾಗಬೇಕಿದ್ದ ಎಫ್‌ಎಂಆರ್‌ಪಿ ಪ್ರೋಟೀನ್‌ನ ಕೆಲಸ, ಸಿನಾಪ್ಸ್‌ಗೆ ಸಂಬಂಧಿಸಿದ ನೂರಾರು ಎಂಆರ್‌ಎನ್‌ಎಗಳನ್ನು ಹಿಡಿದು, ಕರೆ ಬರುವವರೆಗೆ ಪ್ರೋಟೀನ್ ಆಗದಂತೆ ತಡೆದಿಡುವುದು. ಅದಿಲ್ಲದಿದ್ದರೆ ಕರೆಯೇ ಇಲ್ಲದೆ ತಯಾರಿ ನಡೆಯುತ್ತಿರುತ್ತದೆ. ಫಲಿತಾಂಶ ಜಾಲದಲ್ಲಿ ಕಾಣುತ್ತದೆ: ಈ ಜೀನ್ ಇಲ್ಲದ ಸುಂಡಿಲಿಗಳಿಗೆ ಜೋರು ಶಬ್ದ ಕೇಳಿದರೆ ಸೆಳವು ಬರುತ್ತದೆ, ಕಾಯಿಲೆ ಇರುವ ಕೆಲವು ಮಕ್ಕಳಿಗೂ ಮೂರ್ಛೆ ಬರುವುದುಂಟು.

ಬೆಂಗಳೂರಿನಲ್ಲೂ ಈ ಕೆಲಸ ನಡೆದಿದೆ. ಆಗ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿದ್ದ (ಎನ್‌ಸಿಬಿಎಸ್) ಸುಮಂತ್ರ ಚಟರ್ಜಿ ತಂಡ, ಕ್ಲಾನ್ ಅವರ ಪ್ರಯೋಗಾಲಯದ ಜೊತೆ ಸೇರಿ 2010ರಲ್ಲಿ ಇದೇ ಬಗೆಯ ಸುಂಡಿಲಿಗಳ ಅಮಿಗ್ಡಲಾವನ್ನು ಪರೀಕ್ಷಿಸಿ, ಹಿಪ್ಪೊಕ್ಯಾಂಪಸ್‌ನಲ್ಲಿ ಕಂಡ ದೋಷಗಳೇ ಅಲ್ಲಿಯೂ ಇರುತ್ತವೆ ಎಂದುಕೊಳ್ಳುವಂತಿಲ್ಲ ಎಂದು ತೋರಿಸಿತು. ಎಫ್‌ಎಂಆರ್‌ಪಿ ಸಿನಾಪ್ಸ್‌ನ ಸಂಕೇತಕ್ಕೆ ತಕ್ಕಂತೆ ಎಂಆರ್‌ಎನ್‌ಎಯ ಹಿಡಿತ ಸಡಿಲಿಸುವುದು ಹೇಗೆ ಎಂಬುದರ ಮೇಲೆ ಅಮೆರಿಕದಲ್ಲಿ ಕೆಲಸ ಮಾಡಿದ್ದ ರವಿ ಮುದ್ದಶೆಟ್ಟಿ, ಬೆಂಗಳೂರಿನ ಇನ್‌ಸ್ಟೆಮ್ ಎಂಬ ಸಂಶೋಧನಾ ಸಂಸ್ಥೆಗೆ ಬಂದು, ನಂತರ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದಲ್ಲಿ ಸ್ಥಳೀಯ ಪ್ರೋಟೀನ್ ತಯಾರಿಯ ಅಧ್ಯಯನವನ್ನೇ ಮುಂದುವರಿಸಿದರು.

ಔಷಧಿಯ ಕಡೆ ನೋಡಿದರೆ ನಿರಾಶೆಯೂ ಇದೆ. ಎಂಗ್ಲುಆರ್5 ಎಂಬ ಗ್ರಾಹಕ ಪ್ರೋಟೀನ್ ತಯಾರಿಗೆ ಕರೆ ಕೊಡುತ್ತದೆ, ಎಫ್‌ಎಂಆರ್‌ಪಿ ತಡೆಯುತ್ತದೆ. ತಡೆಯುವವನು ಇಲ್ಲದಿದ್ದರೆ ಕರೆಯುವವನನ್ನೇ ತಗ್ಗಿಸೋಣ ಎಂಬ ವಿಚಾರವನ್ನು ಮಾರ್ಕ್ ಬೇರ್, ಕಿಂಬರ್ಲಿ ಹ್ಯೂಬರ್ ಮತ್ತು ಸ್ಟೀಫನ್ ವಾರನ್ 2004ರಲ್ಲಿ ಮುಂದಿಟ್ಟರು. ಸುಂಡಿಲಿಗಳಲ್ಲಿ ಅದು ಸೊಗಸಾಗಿ ಫಲಿಸಿತು. ಮನುಷ್ಯರ ಮೇಲಿನ ದೊಡ್ಡ ಪರೀಕ್ಷೆಗಳಲ್ಲಿ ಫಲಿಸಲಿಲ್ಲ, ಮ್ಯಾವೊಗ್ಲುರಾಂಟ್ ಎಂಬ ಔಷಧಿಯ ಫ್ರಜೈಲ್ ಎಕ್ಸ್ ಯೋಜನೆ 2014ರಲ್ಲಿ ನಿಂತುಹೋಯಿತು. ಪರೀಕ್ಷೆಗೆ ಬಂದವರು ಹದಿಹರೆಯದವರು ಮತ್ತು ವಯಸ್ಕರು. ಅಷ್ಟು ಹೊತ್ತಿಗೆ ಜಾಲ ತಪ್ಪಾಗಿಯೇ ಕಟ್ಟಿಕೊಂಡು ಗಟ್ಟಿಯಾಗಿತ್ತು ಎನ್ನುವವರಿದ್ದಾರೆ. ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಇನ್ನೊಂದು ಕಾಯಿಲೆಯಲ್ಲಿ ಫಲಿತಾಂಶ ಸ್ವಲ್ಪ ಬೇರೆ. ಅದರಲ್ಲಿ ಎಂಟಾರ್ ಎಂಬ ಕಿಣ್ವದ ಮೇಲಿನ ಹತೋಟಿ ತಪ್ಪಿ ಪ್ರೋಟೀನ್ ತಯಾರಿ ಏರುತ್ತದೆ, ಬಹಳಷ್ಟು ಮಕ್ಕಳಿಗೆ ಮೂರ್ಛೆ ಬರುತ್ತದೆ. ಎಂಟಾರ್ ಅನ್ನು ತಗ್ಗಿಸುವ ಎವರೊಲಿಮಸ್ ಔಷಧಿಗೆ, ಈ ಸೆಳವುಗಳನ್ನು ಕಡಿಮೆ ಮಾಡಲು 2018ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಸೆಳವು ಹಲವರಲ್ಲಿ ಕಡಿಮೆಯಾಯಿತು. ಕಲಿಕೆ ಮತ್ತು ನಡವಳಿಕೆ ಸುಧಾರಿಸುತ್ತದೆಯೇ ಎಂದು ನೋಡಿದ ಪರೀಕ್ಷೆಗಳಲ್ಲಿ ಅಂಥ ಲಾಭ ಕಾಣಲಿಲ್ಲ.